ಎರಡು ಸಲ ಒತ್ತಿದರೆ ಹಿಡಿಯುವ ಬ್ರೇಕ್, ಬ್ರೇಕ್ ಅಲ್ಲ

"ಎರಡು ಸಲ ಒತ್ತಿದ್ರ ಹಿಡಿತದ ರೀ, ಏನೂ ಆಗಂಗಿಲ್ಲ." ನಮ್ಮ ಕಲಬುರಗಿ ಕಡೆ ಹಳೆಯ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಬಹಳ ಸಲೀಸಾಗಿ ಬರುತ್ತದೆ. ಓಮ್ನಿ ಇರಲಿ, ಸುಮೋ ಇರಲಿ, ಮಾರುತಿ 800 ಇರಲಿ. ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಸುಮ್ನೆ ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಒಂದು ಸಲ ಒತ್ತಿ, ಕಾಲು ಎತ್ತಿ, ಮತ್ತೆ ಒತ್ತುವಷ್ಟರಲ್ಲಿ ಆ ಸೆಕೆಂಡ್ ಮುಗಿದೇ ಹೋಗಿರುತ್ತದೆ. ಸೇಡಂ ರಸ್ತೆಯಲ್ಲಿ ಮುಂದಿನ ಸಿಮೆಂಟ್ ಲಾರಿ ಗಕ್ಕನೆ ನಿಂತರೆ ಆ 17 ಮೀಟರ್ ಎಲ್ಲಿಂದ ತರುತ್ತೀರಿ?

ಪೆಡಲ್ ಮೆತ್ತಗಾಗುವುದು ಗಾಡಿಗೆ ವಯಸ್ಸಾದದ್ದಕ್ಕೆ ಅಲ್ಲ. ಅದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಕಾಲಿನಿಂದಲೇ ಅರ್ಧ ಗೊತ್ತಾಗುತ್ತದೆ. ಒತ್ತಿದಾಗ ಸ್ಪಂಜಿನ ಹಾಗೆ ಒಳಗೆ ಹೋಗಿ, ಪಂಪ್ ಮಾಡಿದಂತೆ ಗಟ್ಟಿಯಾಗುತ್ತಾ ಬಂದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿದೆ. ಆಯಿಲ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಒತ್ತುವುದಕ್ಕೇ ಖರ್ಚಾಗುತ್ತದೆ, ಗಾಲಿಗೆ ಮುಟ್ಟುವುದಿಲ್ಲ. ಪೆಡಲ್ ಜಾಸ್ತಿ ಕೆಳಗೆ ಹೋಗಿ, ಆಮೇಲೆ ಗಟ್ಟಿಯಾಗಿಯೇ ನಿಂತರೆ ಹಿಂದಿನ ಡ್ರಮ್ ಬಿಚ್ಚಿಸಿ. ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಲೈನರ್ ಸವೆದಿರಬಹುದು, ಅಥವಾ ಅದನ್ನು ಡ್ರಮ್ಮಿಗೆ ಹತ್ತಿರ ಇಡುವ ಅಡ್ಜಸ್ಟರ್ ತುಕ್ಕು ಹಿಡಿದು ಜಾಮ್ ಆಗಿರಬಹುದು. ಅಲ್ಲಿ ಎಷ್ಟು ಗಾಳಿ ತೆಗೆದರೂ ಪೆಡಲ್ ಮೇಲೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆದರಿಕೆ ಮೂರನೆಯದು. ಗಾಡಿ ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದಿದ್ದೀರಿ. ಮೊದಲು ಗಟ್ಟಿ ಇರುತ್ತದೆ. ಆಮೇಲೆ ನಿಧಾನಕ್ಕೆ, ತಾನೇ ತಾನಾಗಿ ಕೆಳಗೆ ಇಳಿಯುತ್ತದೆ. ಹೊರಗೆ ಎಲ್ಲೂ ಆಯಿಲ್ ಸೋರಿಲ್ಲ ಅಂದರೆ ಪೆಡಲ್ ಒತ್ತಿದಾಗ ಆಯಿಲ್ಲನ್ನು ಗಾಲಿಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕೈಕೊಟ್ಟಿದೆ ಎಂದೇ ಅನುಮಾನ ಪಡಬೇಕು. ಅಂಥ ಗಾಡಿಯನ್ನು ಮನೆಯಿಂದ ಗ್ಯಾರೇಜಿಗೂ ಓಡಿಸಬೇಡಿ. ಉಸ್ತಾದನನ್ನೇ (ಮೆಕ್ಯಾನಿಕ್) ಮನೆಗೆ ಕರೆಸಿ, ಇಲ್ಲವೇ ಎಳೆಸಿಕೊಂಡು ಹೋಗಿ.

ನನಗೆ ಪರಿಚಯದ ಒಬ್ಬ ಉಸ್ತಾದ್ ಹೇಳುತ್ತಿರುತ್ತಾರೆ: "ಸರ್, ಬ್ರೇಕ್ ಆಯಿಲ್ ಕಮ್ಮಿ ಆಗ್ಯಾದ, ಹಾಕ್ರಿ ಅಂತಾರ. ಆಯಿಲ್ ಎಲ್ಲಿ ಹೋಯ್ತು ಅಂತ ಒಬ್ಬರೂ ಕೇಳಂಗಿಲ್ಲ." ಇದಕ್ಕಿಂತ ಸರಿಯಾದ ಮಾತಿಲ್ಲ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್ ಹಾಗೆ ಸುಟ್ಟು ಹೋಗುವುದಿಲ್ಲ. ಮುಂದಿನ ಡಿಸ್ಕ್ ಪ್ಯಾಡ್ ಸವೆದಂತೆ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಸ್ವಲ್ಪ ಇಳಿಯುತ್ತದೆ, ಅದು ಸಹಜ. ಪ್ಯಾಡ್ ಚೆನ್ನಾಗಿದ್ದೂ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ. ಹಿಂದಿನ ಗಾಲಿಯ ಒಳಮಗ್ಗುಲು ಒದ್ದೆ ಇದೆಯಾ ನೋಡಿ, ಡ್ರಮ್ ಒಳಗೆ ಲೈನರ್ ತಳ್ಳುವ ವ್ಹೀಲ್ ಸಿಲಿಂಡರ್ ಸೋರಿದರೆ ಅಲ್ಲಿ ಕಾಣುತ್ತದೆ. ಮುಂದಿನ ಗಾಲಿಗೆ ಹೋಗುವ ರಬ್ಬರ್ ಪೈಪ್ ನೋಡಿ. ಒಬ್ಬರು ಪೆಡಲ್ ಒತ್ತುವಾಗ ಪೈಪ್ ಉಬ್ಬಿದರೆ, ಮೇಲೆ ಬಿರುಕು ಇಲ್ಲದಿದ್ದರೂ ಅದನ್ನು ಬದಲಿಸಲೇಬೇಕು. ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಡಬ್ಬ) ಇರುವ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರ್ ಒಳಗೇ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ.

ಇನ್ನು ಆಯಿಲ್ ವಿಷಯ. ಇದನ್ನು ನಮ್ಮ ಊರಿನವರು ಉಳಿದವರಿಗಿಂತ ಜಾಸ್ತಿ ಗಮನ ಕೊಟ್ಟು ಕೇಳಬೇಕು ಅಂತ ನನ್ನ ಅನಿಸಿಕೆ. ನಮ್ಮ ಗಾಡಿಗಳಲ್ಲಿ ಹಾಕುವ ಡಾಟ್ 3, ಡಾಟ್ 4 (DOT, ಬ್ರೇಕ್ ಆಯಿಲಿನ ದರ್ಜೆ) ಆಯಿಲ್‌ಗಳು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ವರ್ಷಗಳು ಕಳೆದಂತೆ ರಬ್ಬರ್ ಪೈಪಿನ ಮೂಲಕವೇ ತೇವ ಸೇರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ 3.7 ಶೇಕಡಾ ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಡಾಟ್ 3 ಆದರೆ 205ರಿಂದ 140ಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಗಾಡಿ ತುಂಬ ಜನ, ಮೇಲೆ ಸಾಮಾನು, ಊರೂರಿಗೂ ಹಂಪ್. ಬ್ರೇಕ್ ಬಿಟ್ಟು ಬಿಟ್ಟು ಒತ್ತಿ ಕಾದಿರುತ್ತದೆ. ಹಳೆಯ ಆಯಿಲ್ ಕುದಿದು ಒಳಗೆ ಆವಿಯಾಯಿತು ಅಂದರೆ ಪೆಡಲ್ ನೆಲ ಮುಟ್ಟುತ್ತದೆ. ಗ್ಯಾರೇಜಿಗೆ ತರುವಷ್ಟರಲ್ಲಿ ತಣ್ಣಗಾಗಿ ಮತ್ತೆ ಸರಿಯಾಗುತ್ತದೆ. ಆಗ "ಏನೂ ಇಲ್ಲ, ಸರಿ ಐತಿ" ಅಂತ ವಾಪಸ್ ಕಳಿಸುತ್ತಾರೆ. ಮಾರನೇ ದಿನ ಅದೇ ಗಾಡಿ ಮದುವೆ ಮಂದಿಯನ್ನು ತುಂಬಿಕೊಂಡು ಗಾಣಗಾಪುರಕ್ಕೋ ಚಿತ್ತಾಪುರಕ್ಕೋ ಹೊರಡುತ್ತದೆ. ಮಕ್ಕಳು, ಮುದುಕರು ಎಲ್ಲರೂ ಅದರಲ್ಲೇ. ಇದು ನನಗೆ ಸಹಿಸಲು ಆಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಒಳಗಿನದು ಟೀ ಬಣ್ಣಕ್ಕೆ ತಿರುಗಿದ್ದರೆ ಅಷ್ಟು ದಿನವೂ ಕಾಯಬೇಡಿ. ಸೀಲ್ ಒಡೆಯದ ಸಣ್ಣ ಬಾಟಲಿಯನ್ನೇ ಕೊಳ್ಳಿ. ಗ್ಯಾರೇಜಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಮುಚ್ಚಳ ಸಡಿಲವಾಗಿ ಕುಳಿತ ಅರ್ಧ ಬಾಟಲಿ ಬೇಡ ಅನ್ನಿ, ಅದರಲ್ಲಿ ಆಗಲೇ ತೇವ ಸೇರಿರುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಿ. ಡಾಟ್ 5 ಅಂತ ಬರೆದದ್ದು ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಬಾರದು. ತುರ್ತಿಗೆ ಅಂತ ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಎಲ್ಲ ಉಬ್ಬಿ ಹಾಳಾಗುತ್ತದೆ.

ಲೈನಿನಿಂದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಆ ಹೊತ್ತಿಗೆ ಪೆಡಲ್ ಮೇಲೆ ನೀವೇ ಕೂತುಕೊಳ್ಳಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು. ಅಂದರೆ ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಗಳಲ್ಲಿ ಹಿಂದಿನ ಎಡಗಾಲಿ. ಕೆಲವು ಗಾಡಿಗಳ ಕ್ರಮ ಬೇರೆ ಇರುತ್ತದೆ, ಕಂಪನಿ ಪುಸ್ತಕ ಇದ್ದರೆ ನೋಡಿ. ನೀವು ಒತ್ತಿ ಹಿಡಿದಾಗ ಉಸ್ತಾದ್ ಗಾಲಿಯ ಹತ್ತಿರದ ನಿಪ್ಪಲ್ (ಗಾಳಿ ಹೊರಬಿಡುವ ಸ್ಕ್ರೂ) ಬಿಚ್ಚುತ್ತಾರೆ. ಅವರು ಬಿಗಿದು "ಬಿಡ್ರಿ" ಅನ್ನುವವರೆಗೆ ಕಾಲು ಎತ್ತಬಾರದು. ಎತ್ತಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಡುವೆ ಮೇಲಿನ ಡಬ್ಬಿ ಖಾಲಿ ಆದರಂತೂ ಮೊದಲಿಂದ ಶುರು ಮಾಡಬೇಕು.

ಹಳೆಯ ಗಾಡಿಗೆ ಮಾತ್ರ ಒಂದು ಎಚ್ಚರಿಕೆ. ಪೆಡಲ್ಲನ್ನು ನೆಲದವರೆಗೆ ತುಳಿಯಬೇಡಿ. ಇಷ್ಟು ವರ್ಷ ಮಾಸ್ಟರ್ ಸಿಲಿಂಡರಿನ ರಬ್ಬರ್ ಓಡಾಡದೇ ಇದ್ದ ಜಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಅದರ ಮೇಲೆ ಹಾದರೆ ರಬ್ಬರ್ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಮಾಸ್ಟರ್ ಸಿಲಿಂಡರ್ ಹೋಗಿದ್ದರೆ ಬರೀ ಕಿಟ್ (ಒಳಗಿನ ರಬ್ಬರ್ ಸೆಟ್) ಹಾಕಿಸಬೇಕೋ, ಹೊಸದೇ ಕೂರಿಸಬೇಕೋ? ಒಳಗೆ ಬೆರಳಿಗೆ ಗೀರು, ತುಕ್ಕು ತಗುಲಿದರೆ ಹೊಸದೇ ಸರಿ. ಗೀರು ಬಿದ್ದ ಸಿಲಿಂಡರಿಗೆ ಹೊಸ ರಬ್ಬರ್ ಹಾಕಿದರೂ ಬಹಳ ದಿನ ಬಾಳುವುದಿಲ್ಲ. ಇಲ್ಲಿ ರೊಕ್ಕ ಉಳಿಸಬೇಡಿ. ಉಸ್ತಾದನ ಕೂಲಿಗೂ ಚೌಕಾಸಿ ಬೇಡ. ನಾಲ್ಕು ಗಾಲಿ ತಾಳ್ಮೆಯಿಂದ ಮಾಡುವವನಿಗೆ ಕೇಳಿದಷ್ಟು ಕೊಡಿ. ಅರ್ಧ ತಾಸಿನಲ್ಲಿ ಮುಗಿಸು ಅಂತ ನಾವೇ ಅವಸರ ಮಾಡಿದರೆ ಅವನು ಎರಡೇ ಗಾಲಿ ಮಾಡಿ ಕಳಿಸುತ್ತಾನೆ, ಅಲ್ವಾ?

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಕೂಡಲೇ ಪೆಡಲ್ ಸ್ವಲ್ಪ ಇಳಿಯುತ್ತದೆ, ಅದು ಬೂಸ್ಟರ್ ಕೆಲಸ ಮಾಡುವ ಗುರುತು. ಆಮೇಲೆ ಅಲ್ಲೇ ನಿಲ್ಲಬೇಕು. ಪೇಂಟ್ ಮೇಲೆ ಬಿದ್ದ ಆಯಿಲ್ಲನ್ನು ತಕ್ಷಣ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಹೋಗುತ್ತದೆ. ಮೊದಲು ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿ, ಆಮೇಲೆ ರಿಂಗ್ ರೋಡಿಗೆ ಹೋಗಿ. ಒಂದು ವಾರ ದಿನಾ ಬೆಳಿಗ್ಗೆ ಡಬ್ಬಿ ನೋಡಿ. ಆಯಿಲ್ ಬದಲಿಸಿದ ತಿಂಗಳು, ವರ್ಷ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಹತ್ತಿರ ಅಂಟಿಸಿ. ನಾಳೆ ಗಾಡಿ ಮಾರಿದರೂ ಕೊಂಡವರಿಗೆ ಗೊತ್ತಾಗಲಿ.