ಎಲ್ಲಿತನ ಬಂದದ?

ಭೀಮಾ ನದಿ ಮತ್ತೆ ತುಂಬಿ ಬಂದಿದೆ. ಅದರ ಬೆನ್ನಿಗೇ ಪ್ರಕಟಣೆಯೂ ಬಂದಿದೆ. ನದಿ ಪಾತ್ರದ ಜನ ಎಚ್ಚರಿಕೆಯಿಂದ ಇರಬೇಕು. ದನಕರು ಹೊಳೆ ಕಡೆ ಬಿಡಬಾರದು. ಬಟ್ಟೆ ಒಗೆಯಲು ಹೋಗಬಾರದು. ಸೆಲ್ಫಿ ತೆಗೆಯಬಾರದು. ಈ ಸಾಲುಗಳನ್ನು ಮೊದಲು ಬರೆದ ಪುಣ್ಯಾತ್ಮರು ಇಷ್ಟು ಹೊತ್ತಿಗೆ ನಿವೃತ್ತರಾಗಿ ಪಿಂಚಣಿ ತಗೊಳ್ತಾ ಇರಬೇಕು. ಸಾಲುಗಳು ಮಾತ್ರ ಇನ್ನೂ ಡ್ಯೂಟಿಯಲ್ಲಿವೆ. ಹಳೇ ಕ್ಯುಸೆಕ್ ಅಂಕಿ ಅಳಿಸಿ ಹೊಸದು ಬರೆದರೆ ಸಾಕು, ಪ್ರವಾಹ ಎದುರಿಸಲು ಸಕಲ ಸಿದ್ಧತೆ ಆದಂತೆಯೇ.

ಯಾದಗಿರಿಯಲ್ಲಿ ಈಗ ಯಾರೂ ಊಟ ಆಯ್ತಾ ಅಂತ ಕೇಳುತ್ತಿಲ್ಲ. "ಎಷ್ಟ್ ಬಿಟ್ಟಾರ?" ಅಂತಾರೆ. ಮೇಲಿನ ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು ಬಿಟ್ಟರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬರು "ಸೊನ್ನದಿಂದ ಮೂರು ಲಕ್ಷ" ಅಂದರೆ, ಇನ್ನೊಬ್ಬರು ಮೊಬೈಲ್ ನೋಡಿ "ಅದು ಮುಂಜಾನಿದು, ಈಗ ಮೂರೂ ಇಪ್ಪತ್ತು" ಅಂತ ತಿದ್ದುತ್ತಾರೆ, ಗಂಜ್‌ನಲ್ಲಿ ತೊಗರಿ ರೇಟು ಹೇಳಿದ ಹಾಗೆ. ಮೂರನೆಯವರು ಏನೂ ಹೇಳುವುದಿಲ್ಲ, ಸುಮ್ನೆ ನಗುತ್ತಾರೆ. ಅವರಿಗೆ ಇನ್ನೂ ಒಳಗಿನ ಮಾಹಿತಿ ಇದೆ ಅಂತ ಅರ್ಥ.

ನಮ್ಮ ಜನಕ್ಕೆ ಈ ಲೆಕ್ಕ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಜಿಲ್ಲೆಗೆ ಜಿಲ್ಲೆಗೇ ಒಂದು ಡಿಪ್ಲೊಮಾ ಕೊಡಬಹುದು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗೆ ಸ್ವಲ್ಪ ಜಾಸ್ತಿ. ಒಂದು ಲಕ್ಷ ಕ್ಯುಸೆಕ್ ಒಂದಿಡೀ ದಿನ ಹರಿದರೆ ಎಂಟೂವರೆ ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ದಾಟುತ್ತದೆ. ಗಣಿತದಲ್ಲಿ ಫೇಲಾದ ಹುಡುಗರೂ ಇದನ್ನು ಬಾಯಲ್ಲೇ ಹೇಳುತ್ತಾರೆ. ಆದರೆ ಅದೇ ಚಹಾದ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದು "ಯಪ್ಪಾ, ಇವತ್ತ ರಾತ್ರಿ ನಮ್ಮ ಓಣಿಗಿ ನೀರ್ ಬರ್ತದೇನು?" ಅಂತ ಕೇಳಿದರೆ ಎಲ್ಲರೂ ಲೋಟದ ತಳ ನೋಡುತ್ತಾರೆ. ಅದು ಮೊಬೈಲಿನಲ್ಲಿ ಇಲ್ಲ. ಪ್ರಕಟಣೆಯಲ್ಲೂ ಇಲ್ಲ.

ಇನ್ನು ಉಜನಿ ವಿಷಯ. ಸೊಲ್ಲಾಪುರ ಜಿಲ್ಲೆಯ ಈ ಆಣೆಕಟ್ಟು ಗಣಿತಕ್ಕೇ ಸವಾಲು. ನಮ್ಮ ನಿಮ್ಮ ಮನೆಯ ಟ್ಯಾಂಕು ಖಾಲಿಯಾದರೆ ಸೊನ್ನೆ, ತುಂಬಿದರೆ ನೂರು, ಅಲ್ವಾ? ಉಜನಿ ಬೇಸಿಗೆಯಲ್ಲಿ ಸೊನ್ನೆಗಿಂತ ಕೆಳಗೆ ಮೈನಸ್‌ಗೆ ಇಳಿಯುತ್ತದೆ, ಮಳೆಗಾಲದಲ್ಲಿ ನೂರು ದಾಟಿ ಮೇಲೆ ಹೋಗುತ್ತದೆ. ಡೆಡ್ ಸ್ಟೋರೇಜ್, ಅಂದರೆ ತಳದ ನೀರು ಬಿಟ್ಟು ಎಣಿಸುವುದರಿಂದ ಮೈನಸ್ ಬರುತ್ತದೆ ಅಂತ ಎಂಜಿನಿಯರುಗಳು ಸಮಾಧಾನವಾಗಿ ವಿವರಿಸುತ್ತಾರೆ. ಇರಲಿ. ನಮಗೆ ಅರ್ಥವಾಗಿರುವುದು ಇಷ್ಟು: ಅದು ಮೈನಸ್‌ನಲ್ಲಿದ್ದಾಗ ನಾವು ನೀರು ಬಿಡಿ ಅಂತ ಕೈಮುಗಿಯಬೇಕು, ನೂರು ದಾಟಿದಾಗ ಬಿಡಬೇಡಿ ಅಂತ ಕೈಮುಗಿಯಬೇಕು. ಮಾರ್ಚ್ ತಿಂಗಳಲ್ಲಿ ಅಫಜಲಪುರದಲ್ಲಿ ಭೀಮೆಗೆ ನೀರು ಹರಿಸಿ ಅಂತ ಧರಣಿ ಕೂತ ಪೆಂಡಾಲನ್ನು ಸೆಪ್ಟೆಂಬರಿನಲ್ಲಿ ನೆರೆ ಸಂತ್ರಸ್ತರ ಕಾಳಜಿ ಕೇಂದ್ರದ ಮುಂದೆ ಹಾಕಿದರಾಯಿತು. ಬಾಡಿಗೆ ಉಳಿಯುತ್ತದೆ.

ಬೈಯುವುದಕ್ಕೂ ಒಂದು ಕ್ರಮ ಇದೆ. ಉಜನಿ ಕೆಳಗಿನವರು ಪುಣೆ ಕಡೆಯ ಆಣೆಕಟ್ಟುಗಳನ್ನು ಬೈಯುತ್ತಾರೆ. ನಾವು ಸೊಲ್ಲಾಪುರವನ್ನು ಬೈಯುತ್ತೇವೆ. ನಮ್ಮ ಕೆಳಗಿನವರು ನಮ್ಮನ್ನು ಬೈಯುತ್ತಾರೆ. ನದಿ ಹುಟ್ಟುವ ಭೀಮಾಶಂಕರದಿಂದ ಕೃಷ್ಣೆಯ ಸಂಗಮದವರೆಗೆ ಬೈಗುಳ ಎಲ್ಲೂ ಕಟ್ಟಿಕೊಳ್ಳದೆ ಸರಾಗವಾಗಿ ಹರಿಯುತ್ತದೆ. ಅದಕ್ಕೆ ಇದುವರೆಗೂ ಯಾರೂ ಬ್ಯಾರೇಜ್ ಕಟ್ಟಿಲ್ಲ.

ತಮಾಷೆ ಅಂದರೆ, ಉಜನಿಯ ಅಂಕಿ ಬಾಯಿಪಾಠ ಮಾಡಿಕೊಂಡರೂ ನೀರು ಹೇಳಿದ ಮಾತು ಕೇಳುವುದಿಲ್ಲ. ದಾರಿಯಲ್ಲಿ ನೀರಾ ಸೇರುತ್ತದೆ. ಗಡಿ ಹತ್ತಿರ ಸೀನಾ ಸೇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಎಲ್ಲರೂ ಉಜನಿ ಕಡೆ ಕಣ್ಣು ನೆಟ್ಟಿದ್ದಾಗ ಉಕ್ಕಿ ಬಂದದ್ದು ಸೀನಾ. ಗಾಣಗಾಪುರದಲ್ಲಿ ಅಮರ್ಜಾ ಸೇರುತ್ತದೆ. ಆಮೇಲೆ ನಮ್ಮದೇ ಕಾಗಿಣಾ, ಬೆಣ್ಣೆತೊರಾ ನೀರನ್ನೂ ಜೊತೆಗೆ ಕರಕೊಂಡು ಬರುತ್ತದೆ. ಅದು ದಾರಿಯಲ್ಲಿ ಮಳಖೇಡವನ್ನು ಮಾತಾಡಿಸಿ, ದಂಡೋತಿ ಸೇತುವೆ ಮುಳುಗಿಸಿಯೇ ಮುಂದೆ ಬರುವುದು. ದಂಡೋತಿ ಸೇತುವೆ ಮುಳುಗುವುದು ಸುದ್ದಿ ಅಂತ ಪತ್ರಿಕೆಯವರು ಇನ್ನೂ ಯಾಕೆ ತಿಳಿದಿದ್ದಾರೋ ಗೊತ್ತಿಲ್ಲ. ಮುಳುಗದ ವರ್ಷ ಇದ್ದರೆ ಹೇಳಿ, ಮುಖಪುಟದಲ್ಲಿ ಹಾಕೋಣ.

ಇಷ್ಟು ನದಿಗಳು, ಇಷ್ಟು ದೂರ. ಮೇಲೆ ಬಿಟ್ಟ ನೀರು ಯಾದಗಿರಿ ತಲುಪಲು ದಿನಗಳೇ ಬೇಕು. ರೈಲಿನಲ್ಲಾದರೆ ಸೊಲ್ಲಾಪುರದಿಂದ ಬೆಳಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು. ನೀರಿಗೆ ಅಷ್ಟು ಅವಸರ ಇಲ್ಲ. ಅದು ನಿಧಾನವಾಗಿ, ಎಲ್ಲರಿಗೂ ಹೇಳಿ ಕೇಳಿ, ಅಂಕಿಸಂಖ್ಯೆ ಸಮೇತ ಬರುತ್ತದೆ. ಬಂದ ಮೇಲೆ ಹೇಳಿಕೆ: "ಏಕಾಏಕಿ ನುಗ್ಗಿದ ನೀರು."

ಸೇತುವೆ ಮೇಲೆ ಜಾತ್ರೆ. ಮಿರ್ಚಿ ಭಜಿ, ಸೂಸಲಾ, ಮಕ್ಕಳಿಗೆ ಪೀಪಿ. ಒಬ್ಬ ಹುಡುಗ ನೀರಿಗೆ ಬೆನ್ನು ಹಾಕಿ ನಿಂತು "ಫ್ರೆಂಡ್ಸ್, ನೋಡ್ರಿ ಭೀಮಾ ತಾಯಿ ರೌದ್ರಾವತಾರ" ಅಂತ ಲೈವ್ ಹೋಗಿದ್ದಾನೆ. ಪೊಲೀಸಪ್ಪ ಸೀಟಿ ಊದಿ ಊದಿ ಸುಸ್ತಾಗಿ ಈಗ ತಾನೂ ಕಂಬಿ ಹಿಡಿದು ನೀರು ನೋಡುತ್ತಿದ್ದಾನೆ. ತಪ್ಪೇನಿಲ್ಲ ಬಿಡಿ. ಎಂಟು ತಿಂಗಳು ಮರಳು, ಕಲ್ಲು, ಜಾಲಿ ನೋಡಿದ ಕಣ್ಣು. ವಾಟ್ಸಾಪ್ ಗುಂಪಿಗೆ ಬಂದ ಇನ್ನೊಂದು ವಿಡಿಯೋದಲ್ಲಿ ಎರಡಂತಸ್ತಿನ ಮನೆ ನೀರಿಗೆ ಕುಸಿಯುತ್ತದೆ. ಮೇಲೆ "ನಮ್ಮ ಯಾದಗಿರಿ, ಶೇರ್ ಮಾಡಿ" ಅಂತ ಬರಹ. ಹಿಂದೆ ತೆಂಗಿನ ತೋಟ, ಹಸಿರು ಬೆಟ್ಟ. ಇಷ್ಟು ತೆಂಗು ನಮ್ಮಲ್ಲಿದ್ದಿದ್ದರೆ ನಾವು ಬೆಂಗಳೂರಿಗೆ ದುಡಿಯಲು ಯಾಕೆ ಹೋಗುತ್ತಿದ್ದೆವು ಸ್ವಾಮಿ?

ಇನ್ನು ಹೆಲಿಕಾಪ್ಟರ್. ವೈಮಾನಿಕ ಸಮೀಕ್ಷೆ ಬಗ್ಗೆ ನನಗೆ ತುಂಬಾ ಗೌರವ ಇದೆ. ಅಷ್ಟು ಎತ್ತರದಿಂದ ನೋಡಿದರೆ ಭೀಮಾ ತೀರ ನಿಜಕ್ಕೂ ಸುಂದರ. ಮುಳುಗಿದ ತೊಗರಿ ಹೊಲ ಕೆರೆಯಂತೆ ಕಾಣುತ್ತದೆ, ವಾಸನೆ ಬರುವುದಿಲ್ಲ, ಯಾರೂ ಅರ್ಜಿ ಕೊಡುವುದಿಲ್ಲ. ಕಿಟಕಿಯಿಂದ ಕೆಳಗೆ ಬೆರಳು ತೋರಿಸಿದ ಫೋಟೋ ಅಂತೂ ಬೇಕೇ ಬೇಕು. ಏನು ತೋರಿಸುತ್ತಿದ್ದಾರೆ ಅಂತ ಕೇಳಬೇಡಿ. ನೀರನ್ನೇ ತೋರಿಸುತ್ತಿದ್ದಾರೆ. ಕೆಳಗೆ ಇಳಿದವರು ಬೋಟ್ ಹತ್ತುತ್ತಾರೆ. ಹೊಚ್ಚ ಹೊಸ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಒಂದೇ ಬೋಟಿನಲ್ಲಿ ಅಷ್ಟೂ ಜಾಕೆಟ್ ಕಂಡಾಗ ಜನಕ್ಕೆ ಖುಷಿಯಾಗುತ್ತದೆ: ಪರವಾಗಿಲ್ಲ, ತಾಲೂಕಿಗೆ ಇವು ಬಂದಿವೆ.

2025ರಲ್ಲಿ ಹೀಗೆ ಸಮೀಕ್ಷೆ ಮಾಡಿದ ಮುಖ್ಯಮಂತ್ರಿಗಳು ಕೇಂದ್ರದ ಮಾನದಂಡದ ಮೇಲೆ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಹೇಳಿದರು. ಮಳೆ ನಂಬಿದ ಹೊಲಕ್ಕೆ ಮೊದಲೇ ಇದ್ದದ್ದು 8,500. ಎರಡೂ ಸೇರಿ 17,000. ಒಳ್ಳೆಯ ಮಾತು, ಚಪ್ಪಾಳೆ. ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಅಲ್ಲಿಗೆ ಚದರ ಮೀಟರಿಗೆ 1 ರೂಪಾಯಿ 70 ಪೈಸೆ. ಸೇತುವೆ ಮೇಲೆ ಒಂದು ಪ್ಲೇಟ್ ಮಿರ್ಚಿ ತಿನ್ನಬೇಕಾದರೆ ಎಷ್ಟು ತೊಗರಿ ಕೊಳೆಯಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಿ, ಹೇಗೂ ಎಲ್ಲರೂ ಈಗ ಲೆಕ್ಕದಲ್ಲಿ ಪಂಡಿತರು. ಅದೂ ಎರಡು ಹೆಕ್ಟೇರ್‌ವರೆಗೆ. ಅದೂ ಬೆಳೆ ಶೇಕಡ 33ಕ್ಕಿಂತ ಕಡಿಮೆ ಹಾಳಾಗಿರಬಾರದು. ನಿಮ್ಮದು ಶೇಕಡ 30 ಹಾಳಾಗಿದ್ದರೆ ಹೊಳೆಯನ್ನು ವಾಪಸ್ ಕರೆದು ಇನ್ನು ಸ್ವಲ್ಪ ಹೊತ್ತು ಇರು ಅನ್ನಬೇಕು.

ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಮುದ್ರೆ ಇದೆ. 2019ರಲ್ಲಿ ಸಿಕ್ಕಿತು. ನೀರು ನಿಂತರೆ ತೊಗರಿ ಬೇರು ಕೊಳೆಯುತ್ತದೆ, ಟ್ಯಾಗ್ ಇದೆ ಅಂತ ನೀರು ಬಿಡುವುದಿಲ್ಲ. ಹೊರಗಿಂದ ನೋಡಿದರೆ ಕೆಲವು ದಿನ ಹಸಿರಾಗೇ ಇರುತ್ತದೆ. ಜಂಟಿ ಸಮೀಕ್ಷೆಯವರು ಬಂದ ದಿನ ಹಸಿರಾಗಿದ್ದರೆ ಮುಗಿಯಿತು, "ಬೆಳೆ ಚಲೋ ಅದಲ್ರೀ" ಅಂತಾರೆ. ಅವರು ಹೋದ ಮೇಲೆ ಒಣಗುತ್ತದೆ. ಒಣಗಿದ ಮೇಲೆ ಮತ್ತೆ ಬನ್ನಿ ಅಂದರೆ ಅವಧಿ ಮುಗಿದಿದೆ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಇಲ್ಲ, ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ, ಆಧಾರ್‌ನಲ್ಲಿ ಒಂದು ಅಕ್ಷರ ಬೇರೆ. ಬೇರೆಯವರ ಹೊಲ ಕೋರಿಗೆ ಮಾಡಿದವನ ಹೆಸರು ಅಂತೂ ಯಾವ ಪಟ್ಟಿಯಲ್ಲೂ ಇಲ್ಲ, ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಅವನೇ ಆದರೂ.

ಇದರಲ್ಲಿ ನಗುವುದಕ್ಕೆ ಏನೂ ಇಲ್ಲ, ನಿಜ ಹೇಳಬೇಕೆಂದರೆ. ಹೊಳೆ ದಂಡೆಯ ಊರುಗಳ ಜನ ಪ್ರತಿ ಸಲ ಅದೇ ಶಾಲೆಗೆ ಹೋಗಿ, ಅದೇ ಜಮಖಾನೆ ಮೇಲೆ ಮಲಗಿ, ಅದೇ ಅನ್ನ ಸಾರು ಉಂಡು, ವಾಪಸ್ ಬಂದು ಅದೇ ಕೆಸರು ಬಳಿಯುತ್ತಾರೆ. ಶಾಲೆ ಕಾಳಜಿ ಕೇಂದ್ರವಾದರೆ ಮಕ್ಕಳ ಪಾಠ ನಿಲ್ಲುತ್ತದೆ, ಅದನ್ನು ಯಾರೂ ನಷ್ಟದ ಪಟ್ಟಿಗೆ ಸೇರಿಸುವುದಿಲ್ಲ. ಊರು ಸ್ಥಳಾಂತರ ಮಾಡುತ್ತೇವೆ ಅಂತ ಪ್ರತಿ ನೆರೆಯಲ್ಲೂ ಹೇಳುತ್ತಾರೆ. 2009ರ ನೆರೆ ಆದ ಮೇಲೆ ಉತ್ತರ ಕರ್ನಾಟಕದಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ ಅಂತ ಎಷ್ಟೋ ಕಡೆ ಜನ ಹೋಗಲೇ ಇಲ್ಲ, ಅಲ್ಲಿಗೆ ಜಾಲಿ ಗಿಡ ಹೋಗಿ ಸೇರಿಕೊಂಡಿತು. ಕಟ್ಟುವ ಮುಂಚೆ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು? ಸಾಕಾಗಿದೆ. ಪ್ರತಿ ಸಲ ಇದೇ ಬರೆಯುವುದೂ ಸಾಕಾಗಿದೆ.

ಕೆಲಸಕ್ಕೆ ಬರುವ ಮಾತು ಒಂದಿದೆ. ನಮ್ಮ ಕಡೆ ಅಜ್ಜಿಯಂದಿರು ಕ್ಯುಸೆಕ್ ಕೇಳುವುದಿಲ್ಲ, "ಎಲ್ಲಿತನ ಬಂದದ?" ಅಂತ ಕೇಳುತ್ತಾರೆ. ಕಂಗಳೇಶ್ವರ ಗುಡಿ ಒಳಗೆ ಬಂತಾ, ಘತ್ತರಗಿ ಭಾಗ್ಯವಂತಿ ಗುಡಿಯ ಮೆಟ್ಟಿಲು ಎಷ್ಟು ಮುಳುಗಿತು, ಅದು ಅವರ ಲೆಕ್ಕ. 2020ರ ಅಕ್ಟೋಬರಿನಲ್ಲಿ ನೀರು ಯಾವ ಗೋಡೆಗೆ ಎಲ್ಲಿಯವರೆಗೆ ಬಂದಿತ್ತು ಅಂತ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಕಲೆ ಇನ್ನೂ ಇದೆ. ಆ ಗುರುತನ್ನೇ ಕರೆಂಟ್ ಕಂಬಗಳ ಮೇಲೆ ಬಣ್ಣದಲ್ಲಿ ಬರೆಸಿ, ಪಕ್ಕದಲ್ಲಿ ಆ ದಿನ ಸೊನ್ನದಿಂದ ಎಷ್ಟು ಬಿಟ್ಟಿದ್ದರು ಅಂತ ಹಾಕಿದರೆ ಪ್ರತಿ ಮನೆಗೂ ಗೊತ್ತಾಗುತ್ತದೆ: ಇಷ್ಟು ಬಿಟ್ಟರೆ ನಾವು ಗಂಟು ಕಟ್ಟಬೇಕು, ಇಷ್ಟಕ್ಕೆ ಬೇಡ.

ಇದೇ ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕ ತನ್ನ ಆದೇಶವನ್ನು ಕಲ್ಲಿನ ಮೇಲೆ ಕೆತ್ತಿಸಿದ. 2,200 ವರ್ಷಕ್ಕೂ ಜಾಸ್ತಿ ಆಯಿತು. ಎಷ್ಟು ನೆರೆ ಬಂದು ಹೋಗಿರಬಹುದು, ಬಹುಪಾಲು ಅಕ್ಷರ ಹಾಗೇ ಇವೆ. ಮಧ್ಯೆ ಯಾರೋ ಆ ಕಲ್ಲನ್ನು ಕಾಳಿ ಗುಡಿಯ ಮೂರ್ತಿಗೆ ಪೀಠ ಮಾಡಿದ್ದರು. 1986ರಲ್ಲಿ ಗುಡಿಯ ಮಾಳಿಗೆ ಕುಸಿದ ಮೇಲೆಯೇ ಅದು ಬೆಳಕಿಗೆ ಬಂದದ್ದು. ಸರ್ಕಾರಿ ಆದೇಶವನ್ನು ಕೆಳಗೆ ಹಾಕಿ ಅದರ ಮೇಲೆ ಇನ್ನೇನಾದರೂ ಇಡುವ ಪದ್ಧತಿ ನಮ್ಮಲ್ಲಿ ಹಳೆಯದು.

ಕಂಬದ ಬಣ್ಣದ ಐಡಿಯಾವನ್ನು ಬಿಳಿ ಹಾಳೆಯಲ್ಲಿ ಬರೆದು ಒಂದು ಕಚೇರಿಗೆ ಕೊಟ್ಟೆ. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ಚಹಾ ತರಿಸಿದರು, ಪೂರ್ತಿ ಓದಿದರು. "ಚಲೋ ಅದ ಸರ್. ಆದ್ರ ಕಂಬ ಒಂದು ಇಲಾಖೆದು, ನೀರು ಇನ್ನೊಂದು ಇಲಾಖೆದು, ಗೋಡೆ ಖಾಸಗಿದು. ಬಣ್ಣದ ಖರ್ಚು ಯಾವ ಹೆಡ್‌ನ್ಯಾಗ ತೋರಿಸ್ಬೇಕು?" ಅಂದರು. ನಾನು ಯೋಚಿಸುತ್ತಿರುವಾಗಲೇ ಅವರ ಮೊಬೈಲ್ ಟಿಂಗ್ ಅಂತು. ನೋಡಿ ನನ್ನ ಕಡೆಗೂ ತಿರುಗಿಸಿದರು. ಮೂರೂ ಮೂವತ್ತು.