ಗೋದಾಮಿನಲ್ಲಿ ಗಾನಗೋಷ್ಠಿ

ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ ಇಂಡೀ ಬ್ಯಾಂಡ್‌ಗಳು ನುಡಿಸಲು ಸಭಾಂಗಣವೇ ಬೇಕೆಂದಿಲ್ಲ. ಗ್ಯಾರೇಜು, ಗೋದಾಮು, ನೆಲಮಾಳಿಗೆ, ಯಾವುದಾದರೂ ನಡೆಯುತ್ತದೆ. ಗಾರೆ ಉದುರುತ್ತಿದ್ದರೆ ಅದು ‘ವೈಬ್’, ಗಾಳಿಯಾಡದಿದ್ದರೆ ‘ಇಂಟಿಮೇಟ್’. ಇರುವ ಒಂದೇ ಬಾಗಿಲಿಗೆ ಅಡ್ಡಲಾಗಿ ಗಿಟಾರ್ ಪೆಟ್ಟಿಗೆಗಳನ್ನು ಪೇರಿಸಿಟ್ಟರೆ ಏನನ್ನಬೇಕೋ, ಆ ಹೆಸರು ಬೆಂಕಿ ಬಿದ್ದ ದಿನ ಹೊಳೆಯುತ್ತದೆ.

ಪೋಸ್ಟರಿನಲ್ಲಿ 8 ಗಂಟೆ. ಅದನ್ನು ನಂಬಿ ಬಂದವರಿಗೆ ಕಾಣುವುದು ಮಂಡಿಯೂರಿ ನೆಲ ತಡಕುತ್ತಿರುವ ಡ್ರಮ್ಮರ್. ಹೈಹ್ಯಾಟ್ ಎಂಬ ಜೋಡಿ ತಟ್ಟೆಯಲ್ಲಿ ಮೇಲಿನದನ್ನು ಕಂಬಿಗೆ ಬಿಗಿಯುವ ಕ್ಲಚ್ ಕಳೆದಿದೆ. ಅದಿಲ್ಲದೆ ಮೇಲಿನ ತಟ್ಟೆ ಪೆಡಲಿನ ಮಾತು ಕೇಳುವುದಿಲ್ಲ. ಡ್ರಮ್ ಸೆಟ್ ಎಲ್ಲರಿಗೂ ಒಂದೇ, ಸ್ನೇರ್, ಸಿಂಬಲ್, ಕಿಕ್ ಪೆಡಲ್ ಮಾತ್ರ ಅವರವರೇ ತರಬೇಕು ಎಂಬುದು ರಿವಾಜು. ನಾಲ್ಕು ಬ್ಯಾಂಡ್‌ಗಳೂ ‘ಇನ್ನೊಬ್ಬರು ತರುತ್ತಾರೆ’ ಎಂಬ ನಂಬಿಕೆಯನ್ನಷ್ಟೇ ತಂದಿರುತ್ತವೆ.

ಇನ್ನು ಸೌಂಡು. ಸ್ಟ್ಯಾಂಡಿನ ಮೇಲೆ ಎರಡು ಸ್ಪೀಕರ್, ಒಂದು ಮಿಕ್ಸರ್. ಹಾಡುವವಳ ದನಿಯನ್ನು ಡ್ರಮ್ಮಿಗಿಂತ ಮೇಲೆತ್ತುವುದೊಂದೇ ಅವುಗಳ ಕೆಲಸ. ಪುಟ್ಟ ಕೋಣೆಯಲ್ಲಿ ಡ್ರಮ್ಮಿಗೆ ಮೈಕೇ ಬೇಡ, ಜೋರಾಗಿ ಬಾರಿಸಿದರೆ ಅದು ತಾನಾಗಿಯೇ 100 ಡೆಸಿಬೆಲ್ ಮುಟ್ಟುತ್ತದೆ. ಅದರ ಜತೆಗೆ ಗಿಟಾರಿನ ಸದ್ದು ಹಿಗ್ಗಿಸಲು 15 ವಾಟ್‌ನ ವಾಲ್ವ್ ಆಂಪ್ ಧಾರಾಳವಾಯಿತು. ಗಿಟಾರಿನವನು ಹೊತ್ತು ತರುವುದು 100 ವಾಟ್‌ನದ್ದು. ವಾಟ್ ಇಮ್ಮಡಿಸಿದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಗತ್ತು ಮಾತ್ರ ವಾಟಿಗೆ ತಕ್ಕಂತೆಯೇ ಏರುತ್ತದೆ. ಆಂಪನ್ನು ನೆಲದ ಮೇಲಿಟ್ಟು ತನ್ನದೇ ಮೊಣಕಾಲಿಗೆ ಗುರಿಯಿಡುತ್ತಾನೆ. ಮೊಣಕಾಲಿಗೆ ಕಿವಿಯಿಲ್ಲವಲ್ಲ, ‘ನನಗೇ ಕೇಳಿಸ್ತಿಲ್ಲ’ ಎಂದು ಇನ್ನಷ್ಟು ತಿರುಗಿಸುತ್ತಾನೆ. ಕುರ್ಚಿಯ ಮೇಲಿಟ್ಟು ತುಸು ಹಿಂದಕ್ಕೆ ವಾಲಿಸಿದರೆ ಮುಗಿಯಿತು. ಆದರೆ ಕುರ್ಚಿಯಲ್ಲಿ ಅವನ ಜಾಕೆಟ್ ಕೂತಿದೆ.

ಗಿಟಾರ್ ಏರಿತೆಂದು ಬಾಸ್ ಏರುತ್ತದೆ, ಬಾಸ್ ಏರಿತೆಂದು ಡ್ರಮ್ಮರ್ ತೋಳು ಬೀಸುತ್ತಾನೆ. ಗಾಯಕಿ ತನ್ನ ದನಿ ತನಗೆ ಕೇಳಲೆಂದು ಇಟ್ಟ ಮಾನಿಟರ್ ಸ್ಪೀಕರ್ ಕಡೆ ಬೆರಳು ತೋರಿ ‘ಇನ್ನೂ ಮೇಲೆ’ ಎಂದು ಸನ್ನೆ ಮಾಡುತ್ತಾಳೆ. ಸೌಂಡಿನವನು ಎತ್ತಿದ್ದೇ ತಡ, ಕುಂಯ್ಯ್! ಸ್ಪೀಕರ್ ಉಗುಳಿದ್ದನ್ನು ಮೈಕು ನುಂಗಿ ಮತ್ತೆ ಸ್ಪೀಕರಿಗೇ ಉಣಿಸುವ ಈ ಚಕ್ರಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕು ಬೆನ್ನ ಕಡೆ ಬಹುಮಟ್ಟಿಗೆ ಕಿವುಡು. ಮಾನಿಟರನ್ನು ಸರಿಯಾಗಿ ಅದರ ಬೆನ್ನ ಹಿಂದೆ ಇಟ್ಟರೆ ಎಷ್ಟೋ ಬಚಾವು. ಸ್ಟೈಲಿಗೆಂದು ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸಾಕು, ಆ ಕಿವುಡು ತಕ್ಷಣ ವಾಸಿಯಾಗುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕು. ಕೆಳಗೆ ರಗ್ಗು ಹಾಸದಿದ್ದರೆ ಒದ್ದಾಗಲೆಲ್ಲ ಕಿಕ್ ಡ್ರಮ್ ಮುಂದೆ ಜಾರುತ್ತದೆ. ಡ್ರಮ್ಮರ್ ಸ್ಟೂಲು ಎಳೆದುಕೊಂಡು ಹಿಂದೆಯೇ ಬರುತ್ತಾನೆ. ಕೊನೆಯ ಹಾಡಿಗೆ ಅವನು ಜನರ ನಡುವೆ. ಕಲಾವಿದ–ಪ್ರೇಕ್ಷಕರ ಗಡಿ ಅಳಿಸಿತೆಂದು ಚಪ್ಪಾಳೆ.

ಬ್ಯಾಂಡ್ ಬದಲಾಗಲು 15 ನಿಮಿಷವಂತೆ. ಮುಕ್ಕಾಲು ಗಂಟೆಯ ‘ಚೆಕ್, ಚೆಕ್, ಒನ್ ಟೂ’ ನಡುವೆ ಆಂಪ್‌ನಿಂದ ಗುಂಯ್ ಎಂಬ ನಾದ: ದೀಪದ ಡಿಮ್ಮರೂ ಅದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದೆ. ಹೊಸ ಬ್ಯಾಂಡ್‌ನ ಪ್ರಯೋಗವಿರಬೇಕೆಂದು ನಾಲ್ವರು ತಲೆದೂಗುತ್ತಾರೆ.

ಅಮೆರಿಕದ ಎನ್‌ಐಒಎಸ್‌ಎಚ್ ಎಂಬ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿಗೆ ಕಿವಿಯ ಮಿತಿ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. 100ಕ್ಕೆ ಸಿಗುವುದು 15 ನಿಮಿಷ, ಅಂದರೆ ಮೂರ್ನಾಲ್ಕು ಹಾಡು. ಕಿವಿಗೆ ಪ್ಲಗ್ ಹಾಕಿಕೊಂಡ ಜಾಣ ಕೋಣೆಯಲ್ಲಿ ಒಬ್ಬನೇ, ಸೌಂಡು ನೋಡಿಕೊಳ್ಳುವವನು.

ಎಲ್ಲ ಮುಗಿದ ಮೇಲೆ ಅಭಿಮಾನಿಯೊಬ್ಬ ಗಾಯಕಿಯ ಬಳಿ ಬಂದು, ‘ನಿಮ್ಮ ಸಾಹಿತ್ಯ ಎದೆಗೆ ತಟ್ಟಿತು’ ಎನ್ನುತ್ತಾನೆ.

‘ಆಂ?’ ಎನ್ನುತ್ತಾಳೆ ಅವಳು, ಕಿವಿಗೆ ಕೈ ಆನಿಸಿ.