ಜಾರುವ ತೋಳುಪಟ್ಟಿ

ಕಳೆದ ವಾರ ನಮ್ಮ ಆಫೀಸಿನಲ್ಲಿ ಫೈರ್ ಡ್ರಿಲ್ ಇತ್ತು. ಆರನೇ ಮಹಡಿಗೆ ನಾನೇ ವಾರ್ಡನ್. ಯಾರೂ ಮೆಚ್ಚಿ ಆರಿಸಿದ್ದಲ್ಲ. ಹೆಸರು ಬರೆದುಕೊಂಡ ದಿನ ನಾನು ರಜೆಯಲ್ಲಿದ್ದೆ, ಅಷ್ಟೇ. ಅಡ್ಮಿನ್ ಹುಡುಗಿ ಬಂದು ಕಿತ್ತಳೆ ಬಣ್ಣದ ತೋಳುಪಟ್ಟಿಯೊಂದನ್ನು ಕೊಟ್ಟು ಹೋದಳು. ಅದರ ಎಲಾಸ್ಟಿಕ್ ನನಗಿಂತ ಮೊದಲೇ ರಿಟೈರ್ ಆಗಿತ್ತು. ಕೈ ಇಳಿಸಿದರೆ ಮಣಿಕಟ್ಟಿಗೆ ಬಂದು ಬಳೆಯಾಗುತ್ತಿತ್ತು. ಎತ್ತಿದರೆ ಕಂಕುಳಿಗೆ ಹೋಗಿ ಅಡಗಿಕೊಳ್ಳುತ್ತಿತ್ತು. ಸೈರನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿದೆ. ನಾನು ಒಂದು ಕೈಯಲ್ಲಿ ಇನ್ನೊಂದು ತೋಳು ಹಿಡಿದುಕೊಂಡು 'ಮೆಟ್ಟಿಲು, ಮೆಟ್ಟಿಲು' ಅಂತ ಕೂಗುತ್ತಿದ್ದೇನೆ. ಜನ ಆರಾಮಾಗಿ ಲಿಫ್ಟ್ ಹತ್ತುತ್ತಿದ್ದಾರೆ. ಅಕೌಂಟ್ಸಿನ ಹಿರಿಯರೊಬ್ಬರು ಕುರ್ಚಿಯಿಂದ ಏಳಲೇ ಇಲ್ಲ. 'ಕಾಫಿ ಈಗ ತಾನೇ ಬಂತು ಕಣ್ರೀ, ಕುಡಿದೇ ಸುಟ್ಕೊಳ್ತೀನಿ' ಅಂದರು.

ಇದನ್ನೆಲ್ಲ ಸಹಿಸಬಹುದಿತ್ತು. ಪಕ್ಕದ ಸೀಟಿನ ಹುಡುಗನೊಬ್ಬ ಇದ್ದಾನೆ, ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಭಕ್ತ. ನನ್ನ ಪಟ್ಟಿ ಜಾರಿ ನೆಲಕ್ಕೆ ಬಿದ್ದಾಗ ಅವನೇ ಎತ್ತಿಕೊಟ್ಟ. ಕೊಟ್ಟು, 'ಸರ್, ನೀವು ಥೇಟ್ ಆರ್ಸೆನಲ್ ಕ್ಯಾಪ್ಟನ್ನೇ' ಅಂದ. ಫುಟ್‌ಬಾಲ್ ಕ್ಯಾಪ್ಟನ್ ತೋಳಿಗೂ ಇಂಥದೇ ಪಟ್ಟಿ. ಲಂಡನ್ನಿನ ಆರ್ಸೆನಲ್ ನನ್ನ ತಂಡ. ಅದರ ಕ್ಯಾಪ್ಟನ್‌ಗಳ ತೋಳಲ್ಲಿ ಪಟ್ಟಿ ನಿಲ್ಲುವುದಿಲ್ಲ ಅನ್ನೋದು ಅವನ ಕೊಂಕು.

ಅವತ್ತು ಆ ಕಟ್ಟಡದಲ್ಲಿ ನಿಜವಾಗಿ ಉರಿದದ್ದು ನನ್ನ ಹೊಟ್ಟೆ ಒಂದೇ.

ಹುಡುಗನಿಗೆ ತಕ್ಕ ಉತ್ತರ ಕೊಡಬೇಕು ಅಂತ ರಾತ್ರಿ ಊಟ ಮುಗಿಸಿ ಲೆಕ್ಕಕ್ಕೆ ಕೂತೆ. ಕೂರಬಾರದಿತ್ತು. ನಮ್ಮ ಕ್ಯಾಪ್ಟನ್ ವಿಯೆರಾ 2005ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಫೈನಲ್‌ನ ಕೊನೆಯ ಪೆನಾಲ್ಟಿ ಹೊಡೆದು, ಗೆಲ್ಲಿಸಿ, ಇಟಲಿಯ ಯುವೆಂಟಸ್‌ಗೆ ಹೋದ. ಅಲ್ಲಿಂದ ಶುರು. ಹೆನ್ರಿ 2007ರಲ್ಲಿ ಸ್ಪೇನಿನ ಬಾರ್ಸಿಲೋನಾಕ್ಕೆ ಹೋದ. ಫಾಬ್ರೆಗಾಸ್ 2011ರಲ್ಲಿ ಬಾರ್ಸಿಲೋನಾಕ್ಕೆ ಹೋದ. ಅವನಿಗೆ ಅದು ತವರುಮನೆ, ಹೋಗಲಿ ಬಿಡಿ. ವರ್ಮಾಲೆನ್ 2014ರಲ್ಲಿ ಬಾರ್ಸಿಲೋನಾಕ್ಕೆ ಹೋದ. ಒಬಾಮೆಯಾಂಗ್ ಕ್ಯಾಪ್ಟನ್‌ಗಿರಿ ಕಳೆದುಕೊಂಡು 2022ರಲ್ಲಿ ಎಲ್ಲಿಗೆ ಹೋದ? ಹೇಳಲೇಬೇಕಾ? ಒಂದೇ ಊರಿಗೆ ನಾಲ್ಕು ಕ್ಯಾಪ್ಟನ್‌ಗಳು! ಒಂದೇ ಮನೆಗೆ ನಾಲ್ಕು ಹೆಣ್ಣು ಕೊಟ್ಟವರನ್ನು ನಮ್ಮ ಕಡೆ ಬೀಗರು ಅನ್ನುತ್ತಾರೆ. ಇಲ್ಲಿ ಏನೆನ್ನಬೇಕೋ.

ಉಳಿದವರ ಕಥೆಯೂ ಸುಖದ್ದಲ್ಲ. 2008ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆ ಗಳಿಗೆಯಲ್ಲಿ ಪೆನಾಲ್ಟಿ ಬಿಟ್ಟುಕೊಟ್ಟು ಪಂದ್ಯ 2-2 ಆಯಿತು. ನಮ್ಮ ಕ್ಯಾಪ್ಟನ್ ಗಲ್ಲಾಸ್ ಜಾತ್ರೆಯಲ್ಲಿ ಬಲೂನು ಸಿಗದ ಮಗುವಿನ ಹಾಗೆ ಮೈದಾನದಲ್ಲೇ ಕುಕ್ಕರಿಸಿಬಿಟ್ಟ. ಲೀಗ್‌ನಲ್ಲಿ ಮೇಲಿದ್ದ ತಂಡ ಆ ವರ್ಷ ಕೊನೆಗೆ ಮೂರನೇ ಸ್ಥಾನಕ್ಕೆ ಇಳಿಯಿತು. ಆಮೇಲೆ ಅವನು ಸೇರಿಕೊಂಡದ್ದು ನಮ್ಮ ಬದ್ಧವೈರಿ ಟಾಟನ್‌ಹ್ಯಾಮ್! ಕೊಸಿಯೆಲ್ನಿ 2019ರಲ್ಲಿ ತಂಡದ ಜೊತೆ ಅಮೆರಿಕ ಪ್ರವಾಸಕ್ಕೇ ಬರುವುದಿಲ್ಲ ಅಂದ. ಹೊಸ ಕ್ಲಬ್ಬಿನ ವಿಡಿಯೋದಲ್ಲಿ ನಮ್ಮ ಜರ್ಸಿ ಕಳಚಿ ಅದರ ಒಳಗಿದ್ದ ಬೋರ್ಡೋ ಜರ್ಸಿ ತೋರಿಸಿದ. ವ್ಯಾನ್ ಪರ್ಸಿ ವಿಷಯ ಎತ್ತುವುದೇ ಬೇಡ. ಆದರೂ ಎತ್ತುತ್ತೇನೆ. 30 ಲೀಗ್ ಗೋಲು ಹೊಡೆದ ವರ್ಷವೇ, 2012ರಲ್ಲಿ, ಯುನೈಟೆಡ್‌ಗೆ ಹೋದ. ಮರುವರ್ಷ ಅವರು ಚಾಂಪಿಯನ್ ಆಗಿ ನಮ್ಮ ಮೈದಾನಕ್ಕೇ ಬಂದರು. ನಮ್ಮ ಆಟಗಾರರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕಾಯಿತು. ಅವನು ಆ ಸಾಲಿನ ನಡುವೆ ನಡೆದು ಬಂದ. ನಾನು ಟಿವಿ ಆರಿಸಿ ಪಾತ್ರೆ ತೊಳೆಯಲು ಹೋದೆ. ಮನೆಯವಳು ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯಾ ಅಂತ.

ಇಷ್ಟು ಜನಕ್ಕೂ ಹೀಗೇ ಆಗಲು ಒಂದು ಕಾರಣ ಇದೆ. ನಾನು ಕಂಡುಹಿಡಿದಿದ್ದೇನೆ. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಜೋ ಮರ್ಸರ್ ಬಗ್ಗೆ ಹೇಳಬೇಕು.

ಮರ್ಸರ್ ಅವರನ್ನು ಏಕವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ಅವರು ದಿನಸಿ ಅಂಗಡಿ ಇಟ್ಟಿದ್ದರು. ಎವರ್ಟನ್ ಬಿಟ್ಟು 1946ರಲ್ಲಿ ಆರ್ಸೆನಲ್‌ಗೆ ಬಂದಾಗ ಅವರಿಗೆ 32 ವರ್ಷ. ಬಿಲ್ಲಿನ ಹಾಗೆ ಬಾಗಿದ ಕಡ್ಡಿ ಕಾಲುಗಳು. ಬರುತ್ತೇನೆ, ಆದರೆ ಮನೆ ಬದಲಿಸುವುದಿಲ್ಲ ಅಂದರು. ಲಿವರ್‌ಪೂಲ್‌ನಿಂದ ನದಿ ದಾಟಿದರೆ ಸಿಗುವ ವಾಲಸಿಯಲ್ಲಿ ಅಂಗಡಿ ಇತ್ತಲ್ಲ, ಅದಕ್ಕೆ. ಹಾಗಾಗಿ ಆರ್ಸೆನಲ್ ಕ್ಯಾಪ್ಟನ್ ವಾರವೆಲ್ಲ ಲಿವರ್‌ಪೂಲ್ ಕ್ಲಬ್ಬಿನ ಮೈದಾನದಲ್ಲಿ ಅಭ್ಯಾಸ ಮಾಡಿ, ಪಂದ್ಯಕ್ಕೆ ರೈಲು ಹತ್ತಿ ಲಂಡನ್ನಿಗೆ ಬರುತ್ತಿದ್ದರು. ಕ್ಯಾಪ್ಟನ್ ಆಗಿ 1948ರಲ್ಲಿ ಲೀಗ್ ಗೆದ್ದರು. 1950ರ ಎಫ್‌ಎ ಕಪ್ ಫೈನಲ್‌ನಲ್ಲಿ ಎದುರಾಳಿ ಯಾರು ಅಂತೀರಿ? ಅದೇ ಲಿವರ್‌ಪೂಲ್! ಮನೆ ಪಾಠ ಹೇಳಿಸಿಕೊಂಡ ಮೇಷ್ಟರ ಮಗನನ್ನೇ ಪರೀಕ್ಷೆಯಲ್ಲಿ ಹಿಂದೆ ಹಾಕಿದ ಹಾಗೆ, 2-0ಯಲ್ಲಿ ಅವರನ್ನೇ ಸೋಲಿಸಿ ಕಪ್ ತಂದರು. 1953ರಲ್ಲಿ ಪ್ರೆಸ್ಟನ್‌ಗೂ ಇವರಿಗೂ ಅಂಕ ಸಮ ಆಗಿ, ಗೋಲು ಸರಾಸರಿಯ ಕೂದಲೆಳೆಯಲ್ಲಿ ಮತ್ತೆ ಲೀಗ್. ಸಾಕು, ಇನ್ನು ಅಂಗಡಿ ನೋಡಿಕೊಳ್ತೀನಿ ಅಂದು ಬೀಳ್ಕೊಂಡವರು ಮನಸ್ಸು ತಡೆಯದೆ ವಾಪಸ್ ಬಂದರು. 1954ರ ಏಪ್ರಿಲ್‌ನಲ್ಲಿ ತಂಡದವನಿಗೇ ಡಿಕ್ಕಿಯಾಗಿ ಕಾಲು ಮುರಿಯಿತು. ಆ ಪಂದ್ಯವೂ ಲಿವರ್‌ಪೂಲ್ ಮೇಲೆಯೇ. ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಜನರ ಕಡೆ ಕೈ ಬೀಸಿಕೊಂಡು ಹೋದರು. ಆಗ 39 ವರ್ಷ.

ಇನ್ನೊಂದು ನೋಡಿ. ಬ್ರಿಟನ್ನಿನಲ್ಲಿ ಯುದ್ಧಕಾಲದ ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಅಂದರೆ ಮರ್ಸರ್ ಕ್ಯಾಪ್ಟನ್ ಆಗಿದ್ದ ಹೊತ್ತಿಗೆ ದಿನಸಿ ಅಂಗಡಿ ಅಂದರೆ ಚೀಟಿ ಕತ್ತರಿಸುವ ಕೆಲಸ. ಚಹಾ, ಸಕ್ಕರೆ, ಬೆಣ್ಣೆ ಎಲ್ಲಕ್ಕೂ ಅಳತೆ.

ನನ್ನ ಅಜ್ಜಿಯ ಊರಿನಲ್ಲೂ ಒಂದು ದಿನಸಿ ಅಂಗಡಿ ಇತ್ತು. ಶೆಟ್ಟರದ್ದು. ಸೀಮೆಎಣ್ಣೆ ಬಂದ ದಿನ ಇಡೀ ಊರು ಡಬ್ಬ ಹಿಡಿದು ಅಲ್ಲಿ ಸೇರುತ್ತಿತ್ತು. ಪಂಚಾಯಿತಿ ಅಧ್ಯಕ್ಷ ಕೂಗಿದರೂ ಸಾಲಿಗೆ ಬಾರದ ಜನ ಶೆಟ್ಟರು ಕನ್ನಡಕ ಏರಿಸಿ ಒಮ್ಮೆ ನೋಡಿದರೆ ತಾವಾಗಿ ಸಾಲಾಗುತ್ತಿದ್ದರು. ಶೆಟ್ಟರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಮದುವೆ, ಯಾರು ಸುಮ್ನೆ ಎರಡನೇ ಸಲ ಬಂದಿದ್ದಾರೆ, ಎಲ್ಲ ಅವರಿಗೆ ಗೊತ್ತು. 'ಇಂದು ನಗದು ನಾಳೆ ಸಾಲ' ಅನ್ನೋ ಬೋರ್ಡಿನ ಕೆಳಗೇ ಕೂತು ಸಾಲ ಬರೆದುಕೊಳ್ಳುತ್ತಿದ್ದರು. ಒಂದು ಸಲ ನನ್ನ ಕೈಗೆ ತೂಕದ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟು, 'ಅಜ್ಜಿಗೆ ಹೇಳಬೇಡ ಮರಿ' ಅಂದರು. ತಿಂದುಕೊಂಡೇ ಮನೆಗೆ ಹೋದೆ. ಸಂಜೆ ಲೆಕ್ಕದ ಪುಸ್ತಕ ನೋಡಿದ ಅಜ್ಜಿ ಕೇಳಿದರು, 'ಒಂದಚ್ಚು ಬೆಲ್ಲ ಎಲ್ಲೋ?' ಬರೆದೇ ಕೊಟ್ಟಿದ್ದರು ಪುಣ್ಯಾತ್ಮ! ನನಗೆ ಈಗಲೂ ಸಿಟ್ಟಿದೆ. ಆದರೂ ಮರ್ಸರ್ ಅಂದಕೂಡಲೇ ನನ್ನ ಕಣ್ಣ ಮುಂದೆ ಬರುವುದು ಕೆಂಪು ಜರ್ಸಿ ಹಾಕಿಕೊಂಡ ಶೆಟ್ಟರೇ. ಡಿಫೆಂಡರ್‌ಗಳು ಡಬ್ಬ ಹಿಡಿದು ಸಾಲಾಗಿ ನಿಂತಿದ್ದಾರೆ.

ಮರ್ಸರ್ ತೋಳಿಗೆ ಪಟ್ಟಿ ಇರಲಿಲ್ಲ. ಆಗ ಅಲ್ಲಿ ಆ ಪದ್ಧತಿಯೇ ಇರಲಿಲ್ಲ. ಶೆಟ್ಟರಿಗೂ ಇರಲಿಲ್ಲ.

ಹಾಗಂತ ಪಟ್ಟಿಯದ್ದೇ ತಪ್ಪು ಅನ್ನಲು ಹೊರಟರೆ ಟೋನಿ ಆ್ಯಡಮ್ಸ್ ಅಡ್ಡ ಬರುತ್ತಾನೆ. 21ನೇ ವಯಸ್ಸಿಗೆ ಕ್ಯಾಪ್ಟನ್, 14 ವರ್ಷ ಪಟ್ಟಿ ಕಟ್ಟಿದ. ಮೂರು ದಶಕಗಳಲ್ಲೂ ಲೀಗ್ ಗೆದ್ದ. ಸಾಲದ್ದಕ್ಕೆ 1990ರ ಡಿಸೆಂಬರ್‌ನಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಜೈಲಿಗೆ ಹೋದ, ಬಂದ, ಅದೇ ಸೀಸನ್ನಿನ ಲೀಗ್ ಗೆದ್ದ. ಈಗ ಮೈದಾನದ ಹೊರಗೆ ಕಂಚಿನ ಪ್ರತಿಮೆಯಾಗಿ ನಿಂತಿದ್ದಾನೆ. ಇವನನ್ನು ಯಾವ ಸಿದ್ಧಾಂತಕ್ಕೆ ಸೇರಿಸುವುದು?

ಮರ್ಟೆಸಾಕರ್ ಕೂಡ ಅಡ್ಡ ಬರುತ್ತಾನೆ, ಪಾಪ. ಕ್ಯಾಪ್ಟನ್ ಆದ ವರ್ಷವೆಲ್ಲ ಮಂಡಿ ನೋವು. ಆ ಸೀಸನ್ನಿನಲ್ಲಿ ಅವನನ್ನು ಮೊದಲ ಹನ್ನೊಂದರಲ್ಲಿ ಇಳಿಸಿದ್ದೇ 2017ರ ಎಫ್‌ಎ ಕಪ್ ಫೈನಲ್‌ಗೆ. ಚೆಲ್ಸಿ ಎದುರು ಗೋಡೆಯ ಹಾಗೆ ನಿಂತು ಗೆಲ್ಲಿಸಿದ. ಅವತ್ತು ನಾನು ಮೂರು ಮಹಡಿಗೆ ಕೇಳುವಂತೆ ಕೂಗಿದೆ.

ಝಾಕಾ ವಿಷಯದಲ್ಲಿ ಮಾತ್ರ ನನಗೆ ಲೆಕ್ಕ ಬೇಡ, ಜಗಳ ಬೇಕು. 2019ರ ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಪಂದ್ಯದ ನಡುವೆ ಅವನನ್ನು ಹೊರಗೆ ಕರೆದರು. ನಮ್ಮದೇ ಜನ ಊಳಿಟ್ಟರು. ಅವನು ಪಟ್ಟಿ ಕಳಚಿ, ಕಿವಿಗೆ ಕೈ ಹಚ್ಚಿ, ಜರ್ಸಿ ಬಿಚ್ಚಿ ಒಳಗೆ ಹೋದ. ಮಾಡಬಾರದಿತ್ತಂತೆ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಸ್ವಂತ ಕ್ಯಾಪ್ಟನ್‌ಗೇ ಊಳಿಡುವುದು ಮಾತ್ರ ಮಾಡಬಹುದಾ? ಟಿವಿಯಲ್ಲಿ ಕೋಟು ಹಾಕಿದವರು ಒಂದು ವಾರ ಲೀಡರ್‌ಶಿಪ್ಪಿನ ಪಾಠ ಹೇಳಿದರು. ನಮ್ಮ ಆಫೀಸಿನ ಟ್ರೈನಿಂಗಿನಲ್ಲೂ ಅದೇ ಪಾಠ ಹೇಳುತ್ತಾರೆ. ಹೇಳುವವರು ಯಾರೂ ಸೀಮೆಎಣ್ಣೆ ಸಾಲು ನೋಡಿದವರಲ್ಲ. ಪಟ್ಟಿ ಹೋದ ಮೇಲೂ ಝಾಕಾ 2023ರವರೆಗೆ ಇಲ್ಲೇ ದುಡಿದ. ಆಮೇಲೆ ಜರ್ಮನಿಗೆ ಹೋಗಿ ಮೊದಲ ವರ್ಷವೇ ಲೆವರ್ಕುಸೆನ್ ಜೊತೆ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ. ಊಳಿಟ್ಟವರು ಈಗ ಎಲ್ಲಿದ್ದಾರೋ.

ಕಾರಣ ಹೇಳುತ್ತೇನೆ ಅಂದಿದ್ದೆ, ಅಲ್ವಾ? ರಾತ್ರಿ ಒಂದು ಗಂಟೆಯವರೆಗೂ ನನ್ನ ಹತ್ತಿರ ಇತ್ತು. ಆ್ಯಡಮ್ಸ್ ಬಂದ ಮೇಲೆ ಸಡಿಲವಾಯಿತು. ಬೆಳಿಗ್ಗೆ ಹುಡುಗನಿಗೆ ಮರ್ಸರ್ ಕಥೆ ಹೇಳಿದೆ. ಅವನು ಫೋನ್ ನೋಡುತ್ತಾ, 'ಅಂಗಡಿ ಯಾರು ನೋಡಿಕೊಳ್ತಿದ್ರು ಸರ್, ಮ್ಯಾಚ್ ದಿನ?' ಅಂದ. ಇದು ನನಗೆ ಹೊಳೆದಿರಲೇ ಇಲ್ಲ.

ಗುರುವಾರ ಮತ್ತೆ ಡ್ರಿಲ್ ಇದೆ. ಹೋದ ಸಲ ಲಿಫ್ಟ್ ಹತ್ತಿದವರಿಂದಾಗಿ ನಮ್ಮ ಮಹಡಿ ಫೇಲ್ ಆಯಿತಂತೆ. ಪಟ್ಟಿಯ ಕಥೆ ಕೇಳಿ ಮನೆಯವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟಿದ್ದಾಳೆ. 'ಅಂಗಿಗೆ ಸೇರಿಸಿ ಹಾಕ್ಕೊಳ್ಳಿ. ಹಳೇ ಅಂಗಿ ಹಾಕ್ಕೊಂಡು ಹೋಗಿ' ಅಂದಳು.